ಇಬ್ಬರಿದ್ದರೂ ಅದು ತಂಡವೇ, ಮಾನ್ಯರೇ

ಮಾನ್ಯ ಉಸ್ತುವಾರಿ ಅಧಿಕಾರಿಗಳೇ,

ಕಳೆದ ಶನಿವಾರ ದೊಡ್ಡಬಳ್ಳಾಪುರದಲ್ಲಿ ನಡೆದ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಆಯ್ಕೆ ಪಂದ್ಯವನ್ನು ತಾವು ಮುಗಿಯುವ ಮೊದಲೇ ನಿಲ್ಲಿಸಿದಿರಿ. ನಿಲ್ಲಿಸಿದ್ದು ಸಾಲದು ಎಂದು, ನಾಲ್ಕು ಅಂಕ ಮುಂದಿದ್ದ ನಮ್ಮೂರ ಶಾಲೆಯ ತಂಡ ಸೋತಿದೆ ಎಂದು ಮೈಕಿನಲ್ಲಿ ಸಾರಿದಿರಿ. ಕಾರಣ, ನಮ್ಮ ಕಡೆ ಅಂಕಣದಲ್ಲಿ ಇಬ್ಬರೇ ಹುಡುಗಿಯರು ಉಳಿದಿದ್ದರು. ಇಬ್ಬರು ಇರುವವರೆಗೂ ಆಟ ನಡೆಯಬಹುದು ಎಂದು ಆ ಆಟದ ನಿಯಮವೇ ಹೇಳುತ್ತದೆ. ತಮಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ಅಪರಾಧವೇನಲ್ಲ, ಎರಡು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ. ಆದರೆ ಗೊತ್ತಿದ್ದವರು ಹೇಳಲು ಬಂದಾಗ ಅವರ ಬಾಯಿ ಮುಚ್ಚಿಸಿದಿರಲ್ಲ, ಈ ಪತ್ರ ಅದಕ್ಕೆ.

ನಾನು ಕುಂದಾಣದಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ನನ್ನ ದನಿ ಸ್ವಲ್ಪ ಜೋರು, ಬರವಣಿಗೆಯಲ್ಲೂ ಹಾಗೇ ಕೇಳಿಸಿದರೆ ಸಹಿಸಿಕೊಳ್ಳಬೇಕು. ಆ ಇಬ್ಬರಲ್ಲಿ ಒಬ್ಬಳು ನನ್ನ ಮಗಳು ನವ್ಯಶ್ರೀ. ಇನ್ನೊಬ್ಬಳು ನಮ್ಮ ಬೀದಿಯ ಕೀರ್ತನ. ಮಗಳ ಪರವಾಗಿ ತಾಯಿ ಕೂಗಾಡುತ್ತಿದ್ದಾಳೆ ಎಂದು ತಾವು ಪತ್ರವನ್ನು ಮಡಿಸಿಡುವ ಮೊದಲೇ ಹೇಳಿಬಿಡುತ್ತೇನೆ, ನನ್ನ ಮಗಳಿಗೆ ಇನ್ನೊಂದು ವರ್ಷ ಅವಕಾಶವಿದೆ. ಕೀರ್ತನಳಿಗೆ ಇಲ್ಲ. ಅವಳ ಆಟ ಈ ಪಂದ್ಯದ ಫಲಿತಾಂಶದ ಮೇಲೆ ನಿಂತಿತ್ತು, ಈಗಲೂ ನಿಂತಿದೆ.

ಅವಳ ಅಪ್ಪ ಮುನೀಂದ್ರ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಕೆಟ್ಟವನಲ್ಲ, ಹಟಮಾರಿ. ಹೆಣ್ಣುಮಗು ಚಡ್ಡಿ ಹಾಕಿಕೊಂಡು ಊರೂರು ಸುತ್ತುವುದು ಅವನಿಗೆ ಸರಿಬಂದಿರಲಿಲ್ಲ. ಹೋದ ತಿಂಗಳು ರಾಗಿ ಬೀಸಿಸಲು ಬಂದಾಗ ಅವನನ್ನು ಹಿಡಿದು ನಿಲ್ಲಿಸಿ ವಾದ ಮಾಡಿದೆ. ಕೊನೆಗೆ ಅವನು, "ಆಯ್ತು ಬಿಡಕ್ಕ. ಈ ಸಲ ಗೆದ್ರೆ ಜಿಲ್ಲಾ ಕ್ಯಾಂಪಿಗೆ ನಾನೇ ಕರ್ಕೊಂಡೋಗಿ ಬಿಡ್ತೀನಿ. ಸೋತ್ರೆ ಚೆಂಡು ಕೆಳಗಿಟ್ಟು ತೆಪ್ಪಗೆ ಓದ್ಕೊಳ್ಲಿ. ಆಮೇಲೆ ನೀನು ಮಧ್ಯ ಬರಂಗಿಲ್ಲ" ಅಂದ. ನಾನು ಒಪ್ಪಿದೆ. ಕೀರ್ತನಳೂ ಒಪ್ಪಿದಳು. ಗೆಲುವಿಗೊಂದು ಮಾತು, ಸೋಲಿಗೊಂದು ಮಾತು ಆಯಿತು. ಮೂರನೆಯದೊಂದು ಇದೆ, ಅದು ತಮ್ಮಂಥವರ ಕೈಯಲ್ಲಿರುತ್ತದೆ ಎಂದು ನಮ್ಮ ಮೂವರಿಗೂ ಹೊಳೆಯಲಿಲ್ಲ.

ಇಬ್ಬರೇ ಉಳಿಯುವಂತೆ ಆದದ್ದು ಹೇಗೆ ಎಂದು ತಾವು ಕೇಳಬಹುದು. ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ತಂಡದಲ್ಲಿ ಏಳು ಹುಡುಗಿಯರು. ಪಂದ್ಯ ಭಾನುವಾರ ಎಂದಿದ್ದ ತಮ್ಮ ಕಚೇರಿ ಮುಖ್ಯ ಅತಿಥಿಗಳ ಅನುಕೂಲಕ್ಕೆಂದು ಅದನ್ನು ಶನಿವಾರಕ್ಕೆ ಎಳೆದು, ಶುಕ್ರವಾರ ಸಂಜೆ ವಾಟ್ಸಾಪಿನಲ್ಲಿ ತಿಳಿಸಿತು. ಅಷ್ಟರಲ್ಲಿ ತಂಡದ ಅಕ್ಕತಂಗಿಯರಿಬ್ಬರು ಸೋದರಮಾವನ ಮದುವೆಗೆಂದು ಹೊಸಕೋಟೆ ಸೇರಿಯಾಗಿತ್ತು. ಮಾವನ ಧಾರೆ ಬಿಟ್ಟು ಬನ್ನಿ ಎಂದು ಯಾವ ಬಾಯಲ್ಲಿ ಹೇಳುವುದು? ಶುರುವಿಗೆ ಐವರು ಬೇಕು, ಐವರಿದ್ದರು. ಬೆಂಚಿನ ಮೇಲೆ ನೀರಿನ ಬಾಟಲಿ ಬಿಟ್ಟರೆ ಇನ್ಯಾರೂ ಇರಲಿಲ್ಲ.

ಇನ್ನು ಮೂವರು ಹೊರಗೆ ಹೋದದ್ದು. ಅದರಲ್ಲಿ ಅನ್ಯಾಯವಿಲ್ಲ, ನಾನು ಸುಳ್ಳು ಹೇಳುವುದಿಲ್ಲ. ನಮ್ಮ ಕಡೆ ಮಕ್ಕಳದು ಕಬಡ್ಡಿಯ ಕೈ. ಪಕ್ಕದಲ್ಲಿ ಯಾರಾದರೂ ಓಡಿದರೆ ಸಾಕು, ತಾನಾಗಿಯೇ ಸೊಂಟಕ್ಕೆ ಹೋಗಿಬಿಡುತ್ತದೆ. ಕಬಡ್ಡಿಯಲ್ಲಿ ಹಿಡಿದರೆ ಶಹಭಾಸ್, ಇಲ್ಲಿ ಹಿಡಿದರೆ ಫೌಲು. ಐದು ಫೌಲಾದರೆ ಹೋಗಿ ಕೂರಬೇಕು, ಕಬಡ್ಡಿಯಲ್ಲಿ ಔಟಾದವರು ಮತ್ತೆ ಎದ್ದು ಬರುವ ಹಾಗೆ ಬರುವಂತಿಲ್ಲ. ಪಿಟಿ ಮೇಷ್ಟ್ರು ಬೈರೇಶ್ ಈ ಚಾಳಿ ಬಿಡಿಸಲು ವರ್ಷವಿಡೀ ಒದ್ದಾಡಿದ್ದಾರೆ. ಪ್ರತಿಯೊಬ್ಬಳ ಕುತ್ತಿಗೆಗೂ ಒಂದು ಟವೆಲು ಹಾಕಿ, ಎರಡು ತುದಿಯನ್ನೂ ಎರಡು ಕೈಯಲ್ಲಿ ಹಿಡಿಸಿ, "ಕೈ ಬಿಟ್ರೆ ನೋಡು! ಕಾಲಲ್ಲಿ ತಡಿ, ಎದೆ ಅಡ್ಡ ಕೊಡು" ಎಂದು ಕೂಗುತ್ತಿದ್ದರು. ಅಭ್ಯಾಸದಲ್ಲಿ ಎಲ್ಲರೂ ಸರಿಯಾಗಿಯೇ ಆಡುತ್ತಿದ್ದರು. ಪಂದ್ಯದ ಬಿಸಿ ಏರಿದಾಗ ಟವೆಲು ಎಲ್ಲಿಂದ ಬರಬೇಕು? ಒಬ್ಬೊಬ್ಬರಾಗಿ ಮೂವರೂ ಅಳುತ್ತಾ ಬಂದು ಬೆಂಚಿನ ಮೇಲೆ ಕೂತರು. ಆ ಸೀಟಿಗಳೆಲ್ಲ ಸರಿಯಾದ ಸೀಟಿಗಳೇ.

ಮೂರನೆಯವಳು ಹೊರಬಂದಾಗ ನಾವು ಐದು ಅಂಕ ಮುಂದಿದ್ದೆವು, ಆಟ ಇನ್ನೆರಡು ನಿಮಿಷವಿತ್ತು. ರೆಫರಿ, ಇನ್ನೂ ಹುಡುಗ, ನವ್ಯಶ್ರೀಯನ್ನು ಕರೆದು, "ಇಬ್ಬರಿದ್ದೀರ, ಆಡ್ತೀರಾ?" ಎಂದು ಕೇಳಿದ. ಅವಳು ಕೀರ್ತನಳ ಮುಖ ನೋಡಿದಳು. ಕೀರ್ತನ ಆಗಲೇ ಹೋಗಿ ತನ್ನ ಜಾಗದಲ್ಲಿ ನಿಂತಿದ್ದಳು.

ತಾವು ಆಗ ಶಾಮಿಯಾನದಲ್ಲಿ ಅತಿಥಿಗಳಿಗೆ ಹಾರ ಸಿದ್ಧವಾಗಿದೆಯೇ ಎಂದು ವಿಚಾರಿಸುತ್ತಿದ್ದಿರಿ. ಆದ್ದರಿಂದ ತಾವು ನೋಡದೆ ಹೋದದ್ದನ್ನು ಹೇಳುತ್ತೇನೆ. ಎದುರಾಳಿಗಳು ಒಂದು ಬುಟ್ಟಿ ಹಾಕಿದರು, ಅಂತರ ಮೂರಕ್ಕೆ ಇಳಿಯಿತು. ಈಗ ಚೆಂಡನ್ನು ಗೆರೆಯ ಹೊರಗಿನಿಂದ ನಾವು ಒಳಗೆಸೆಯಬೇಕು. ಎಸೆಯುವವಳು ಒಬ್ಬಳು, ಹಿಡಿಯುವವಳು ಒಬ್ಬಳು. ನಿಯಮದಲ್ಲಿ ಇಬ್ಬರು ಎಂದಿರುವುದು ಇದಕ್ಕೇ, ಒಬ್ಬಳೇ ಇದ್ದರೆ ತಾನು ಎಸೆದದ್ದನ್ನು ತಾನೇ ಹಿಡಿಯುವ ಹಾಗಿಲ್ಲ. ನವ್ಯಶ್ರೀ ಚೆಂಡು ಹಿಡಿದು ಹೊರಗೆ ನಿಂತಿದ್ದಾಳೆ, ಐದು ಸೆಕೆಂಡಿನೊಳಗೆ ಬಿಡಬೇಕು. ಒಳಗೆ ಕೀರ್ತನ ಒಬ್ಬಳು, ಸುತ್ತ ಐವರು. ಕೀರ್ತನ ಎಡಕ್ಕೆ ಹೊರಟಂತೆ ಮಾಡಿ, ತಟ್ಟನೆ ತಿರುಗಿ ಗೆರೆಯ ಹತ್ತಿರವೇ ಬಂದಳು. ಚೆಂಡು ಕೈಗೆ ಬಿತ್ತು. ಬೆನ್ನು ಅವರ ಕಡೆ ಕೊಟ್ಟು, ಚೆಂಡನ್ನು ಮೊಣಕಾಲಿಗಿಂತ ಕೆಳಗೆ ಪುಟಿಸುತ್ತಾ ಆ ಐವರ ಮಧ್ಯೆ ನುಸುಳಿದಳು. ಅವರು ತಡೆಯಲಾರದೆ ಅವಳ ಕೈ ಹಿಡಿದರು. ಕೈ ಹಿಡಿದದ್ದು ಈ ಸಲ ಅವರು! ಯಾರೂ ಅಡ್ಡ ಬಾರದೆ ಬುಟ್ಟಿಗೆಸೆಯುವ ಫ್ರೀ ಥ್ರೋ ಎರಡು ಸಿಕ್ಕವು, ಒಂದು ಬಿತ್ತು. ಮತ್ತೆ ನಾಲ್ಕು ಅಂಕ ಮುಂದೆ.

ಆಮೇಲೆ ಅವರು ಎಸೆದ ಚೆಂಡು ರಿಂಗಿಗೆ ತಾಗಿ ಹೊರಬಂತು, ನವ್ಯಶ್ರೀ ಹಾರಿ ಹಿಡಿದಳು. ನನ್ನ ಪಕ್ಕದಲ್ಲಿ ಮುನೀಂದ್ರ ನಿಂತಿದ್ದ. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟ ಕಣ್ಣಿನಲ್ಲಿ ನೇರವಾಗಿ ಮೈದಾನಕ್ಕೆ ಬಂದಿದ್ದ, ಮಗಳ ಆಟ ನೋಡುತ್ತಿದ್ದದ್ದು ಅದೇ ಮೊದಲು. ಶುರುವಿನಲ್ಲಿ ಕೈಕಟ್ಟಿ ನಿಂತಿದ್ದ ಮನುಷ್ಯ ಈಗ ಕುರ್ಚಿ ಹತ್ತಿ, "ಕೊಡಬೇಡ ಕಣೇ! ಕೊಡಬೇಡ!" ಎಂದು ಕಿರುಚುತ್ತಿದ್ದ. ಆಟ ಇನ್ನು ಒಂದು ನಿಮಿಷಕ್ಕೆ ಸ್ವಲ್ಪ ಹೆಚ್ಚು ಉಳಿದಿತ್ತು.

ಅಷ್ಟರಲ್ಲಿ ತಾವು ಕೈ ಬೀಸುತ್ತಾ ಅಂಕಣದೊಳಕ್ಕೆ ನಡೆದು ಬಂದಿರಿ. ಚಪ್ಪಲಿ ಹಾಕಿಕೊಂಡೇ ಬಂದಿರಿ. "ಇದೇನ್ರೀ ಇದು, ಐದು ಜನರ ಮಧ್ಯೆ ಇಬ್ಬರು ಮಕ್ಳನ್ನ ಬಿಟ್ಟಿದ್ದೀರಾ? ನೋಡೋಕೆ ಚೆನ್ನಾಗಿರಲ್ಲ, ನಿಲ್ಸಿ" ಎಂದಿರಿ. ರೆಫರಿ, "ಸಾರ್, ಇಬ್ಬರಿರೋವರೆಗೂ ಆಡಬಹುದು ಸಾರ್, ರೂಲ್ಸ್ ಇದೆ" ಎಂದು ಮೊಬೈಲು ತೋರಿಸಲು ಬಂದ. "ನನಗೇ ರೂಲ್ಸ್ ಹೇಳ್ಕೊಡ್ತೀಯೇನಪ್ಪಾ? ಗೆಸ್ಟ್ ಹೊರಡ್ತಾ ಇದ್ದಾರೆ. ಆ ಕಡೆಯವರಿಗೆ ವಾಕ್‌ಓವರ್ ಕೊಟ್ಟು ಮುಗ್ಸು" ಎಂದಿರಿ. ಅವನು ಸೀಟಿಯನ್ನು ಜೇಬಿಗೆ ಹಾಕಿಕೊಂಡ. ಬೈರೇಶ್ ಮೇಷ್ಟ್ರು ಅಡ್ಡ ಬಂದಾಗ, "ನಿಮ್ಮ ಶಾಲೆ ಮುಂದಿನ ವರ್ಷ ಬರಬೇಕೋ ಬೇಡ್ವೋ?" ಎಂದು ಕೇಳಿದಿರಿ. ಅವರೂ ಬೆಂಚಿನ ಕಡೆಗೆ ಹಿಂದೆ ಸರಿದರು.

ನೋಡಲು ಚೆನ್ನಾಗಿರುವುದಿಲ್ಲ ಎಂದಿರಲ್ಲ ಮಾನ್ಯರೇ, ಯಾವುದು? ಇಬ್ಬರು ಹುಡುಗಿಯರು ಸೋಲದೆ ನಿಂತಿರುವುದೇ? ಅಥವಾ ಅತಿಥಿಗಳು ಕಾಯಬೇಕಾಗಿ ಬಂದದ್ದೇ? ಹತ್ತು ನಿಮಿಷದ ನಂತರ ಅದೇ ಶಾಮಿಯಾನದಲ್ಲಿ ನಿಂತು, ಗೆಲ್ಲುವುದಕ್ಕಿಂತ ಭಾಗವಹಿಸುವುದು ದೊಡ್ಡದು ಎಂದು ತಾವು ಭಾಷಣ ಮಾಡಿದಿರಿ. ಭಾಗವಹಿಸುತ್ತಿದ್ದವರನ್ನು ಆಗತಾನೆ ಹೊರಗಟ್ಟಿ ಬಂದ ನಾಲಿಗೆ ಅದು. ಒಂಚೂರೂ ತೊದಲಲಿಲ್ಲ, ನನಗೆ ಆಶ್ಚರ್ಯವಾಗಿದ್ದು ಅದೇ. ಮಕ್ಕಳ ಮೇಲೆ ಕರುಣೆಯಿಂದ ನಿಲ್ಲಿಸಿದೆ ಎಂದು ಆಮೇಲೆ ಯಾರಿಗೋ ಹೇಳಿದಿರಂತೆ. ಕರುಣೆ ಬಂದವರು ಆ ಮಕ್ಕಳನ್ನೇ ಸೋಲಿಸುತ್ತಾರೆಯೇ?

ಮಂಗಳವಾರ ತಮ್ಮ ಕಚೇರಿಗೆ ಮನವಿ ಕೊಟ್ಟೆವು. ಸಂಘಟಕರ ತೀರ್ಮಾನವೇ ಅಂತಿಮ ಎಂದು ಒಂದು ಸಾಲಿನ ಹಿಂಬರಹ ಬಂತು. ತೀರ್ಮಾನ ಅಂತಿಮವಾಗಲಿ, ಸ್ವಾಮಿ, ನಮ್ಮದೇನೂ ತಕರಾರಿಲ್ಲ. ಆಟವೂ ಅಂತಿಮವಾಗಬೇಕಲ್ಲ?

ಮುನೀಂದ್ರನ ಹತ್ತಿರ ಹೋದೆ. ಮಗಳು ಸೋತಳಲ್ಲ ಎಂದು ಹೇಳಿ ಕೈತೊಳೆದುಕೊಳ್ಳುತ್ತಾನೆ ಎಂದುಕೊಂಡಿದ್ದೆ. "ಸೋತಿದ್ರೆ ಸೋತ್ಲು ಅಂತ ಮಾತು ಉಳಿಸ್ಕೊಂಡಿರ್ತಿದ್ದೆ ಅಕ್ಕ. ಗೆದ್ದಿದ್ರೆ ಕ್ಯಾಂಪಿಗೆ ಬಟ್ಟೆ ಕಟ್ತಿದ್ದೆ. ಮುಗೀದೇ ಇರೋ ಆಟಕ್ಕೆ ನಾನು ಏನಂತ ಹೇಳ್ಲಿ?" ಅಂದ. ಮನೆಯೊಳಗೆ ಯಾರೂ ಆ ವಿಷಯ ಎತ್ತುತ್ತಿಲ್ಲ. ಕೀರ್ತನ ಊಟಕ್ಕೆ ಕೂತವಳು ಅರ್ಧಕ್ಕೇ ಏಳುತ್ತಾಳಂತೆ. ಜಿಲ್ಲಾ ಶಿಬಿರ ಮುಂದಿನ ಸೋಮವಾರ ಶುರು.

ಗೆದ್ದವರೆಂದು ತಾವು ಸಾರಿದ ಆ ಶಾಲೆಯ ನಾಯಕಿ ರಮ್ಯ, ಆ ಮಗುವಿಗೂ ನೆಮ್ಮದಿಯಿಲ್ಲ. ನವ್ಯಶ್ರೀಗೆ ಫೋನು ಮಾಡಿ, "ಇಬ್ಬರನ್ನೂ ಸೋಲ್ಸೋಕಾಗ್ದೆ ಸಾರ್ ಹತ್ರ ಗೆಲುವು ಇಸ್ಕೊಂಡ್ರಿ ಅಂತ ಕ್ಲಾಸಲ್ಲಿ ಎಲ್ರೂ ರೇಗಿಸ್ತಾರೆ ಕಣೇ. ಮಿಕ್ಕಿದ್ದು ಆಡ್ಬಿಡೋಣ, ನಾವು ಬರ್ತೀವಿ" ಎಂದಳು. ಅವರ ಶಾಲೆಯವರೂ ಒಪ್ಪಿದ್ದಾರೆ. ರೆಫರಿಯೂ ಬರುತ್ತೇನೆ ಎಂದಿದ್ದಾನೆ. ಅಂದರೆ ಆ ದಿನ ಆಡಿದವರು, ಆಡಿಸಿದವರು ಎಲ್ಲರೂ ಒಂದು ಕಡೆ ಇದ್ದಾರೆ. ಇನ್ನೊಂದು ಕಡೆ ತಾವೊಬ್ಬರೇ ಇದ್ದೀರಿ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಪದಕ ಬೇಡ, ಕ್ಷಮೆಯೂ ಬೇಡ, ಇಡೀ ಪಂದ್ಯವನ್ನು ಹೊಸದಾಗಿ ಆಡಿಸುವುದೂ ಬೇಡ. ಭಾನುವಾರದೊಳಗೆ, ಎಲ್ಲಿ ನಿಂತಿತ್ತೋ ಅಲ್ಲಿಂದ, ಅದೇ ಅಂಕಗಳೊಂದಿಗೆ ಆ ಆಟ ಮುಂದುವರಿಯಲಿ. ಮದುವೆಗೆ ಹೋಗಿದ್ದವರು ಈಗ ಬಂದಿದ್ದಾರೆ, ಅವರನ್ನು ಇಳಿಸುವುದಿಲ್ಲ. ಐದು ಫೌಲು ಆದವರು ಬೆಂಚಿನ ಮೇಲೇ ಇರುತ್ತಾರೆ. ಅವರ ಐವರು, ನಮ್ಮ ಇಬ್ಬರು. ಬಹುಶಃ ನಾವು ಸೋಲುತ್ತೇವೆ. ಉಳಿದಿರುವ ಒಂದು ನಿಮಿಷದಲ್ಲಿ ಐವರಿಗೆ ನಾಲ್ಕು ಅಂಕ ಯಾವ ಲೆಕ್ಕ?

ಇದನ್ನೇ ನಿನ್ನೆ ಕೀರ್ತನಳಿಗೂ ಹೇಳಿದೆ. "ಹುಷಾರು ಕಣಮ್ಮ, ಆಡಿ ಸೋತರೆ ನಿಮ್ಮಪ್ಪನ ಮಾತು ಜಾರಿಗೆ ಬಂದುಬಿಡುತ್ತೆ. ಹೀಗೇ ಬಿಟ್ಟರೆ ನಾನು ಅವನ ಹತ್ತಿರ ಇನ್ನೊಂದು ಸಲ ವಾದ ಮಾಡಿ ನೋಡಬಹುದು" ಎಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿ, "ಬೇಡ ಅತ್ತೆ. ಬಿಡೋದಾದ್ರೆ ಬಿಡ್ತೀನಿ. ಆದ್ರೆ ನಾನೇ ಸೋತು ಬಿಡ್ಬೇಕು" ಅಂದಳು.

ಹದಿನಾರು ವರ್ಷದ ಹುಡುಗಿ ತನ್ನ ಸೋಲನ್ನು ತನಗೆ ಕೊಡಿ ಎಂದು ಕೇಳುತ್ತಿದ್ದಾಳೆ. ಅದನ್ನಾದರೂ ಕೊಡಿ.

ಇಂತಿ,
ಆಟದ ನಿಯಮ ಕಲಿತು ನೆಮ್ಮದಿ ಕೆಡಿಸಿಕೊಂಡ
ವರಲಕ್ಷ್ಮಮ್ಮ
ಹಿಟ್ಟಿನ ಗಿರಣಿ, ಕುಂದಾಣ