ಪೊಕೊಯಿನಾ ಸತ್ತಿಲ್ಲ

ಮಾಂಗಾಯಾ ದ್ವೀಪ
ಗುರುವಾರ, 13 ಆಗಸ್ಟ್ 1987

ಪ್ರೀತಿಯ ಪೊಕೊ,

ಊರು ಬಿಟ್ಟು ಮೂರು ವಾರವಾಯಿತು, ಒಂದು ಗೆರೆ ಬರೆದಿಲ್ಲ. ಪುರಸೊತ್ತಿರಲಿಲ್ಲ ಎಂದರೆ ನೀನು ನಂಬುವುದಿಲ್ಲ; ಹಡಗಿನಲ್ಲಿ ವಾಂತಿ ಮಾಡುವುದು ಬಿಟ್ಟರೆ ನನಗೇನು ಕೆಲಸ? ಬರೆಯಲು ಹೆದರಿದೆ, ಅಷ್ಟೆ. ಗಂಟಲ ಗಾಯ ಒಣಗಿತೇ? ತುಂಗಾನೆ ಮಾಡಿಕೊಡುವ ಗಂಜಿ ನಿನಗೆ ಇಳಿಯುತ್ತಿದೆಯೇ? ಹೆಂಡತಿಯ ಮೇಲೆ ರೇಗಬೇಡ.

ಅತಿಯು ದ್ವೀಪದಲ್ಲಿ ಇಳಿದ ದಿನವೇ ಇದು ನಡೆದದ್ದು. ದೋಣಿ ದಡ ಮುಟ್ಟುವ ಮೊದಲೇ ಕೈರಾಯೆ ಅಜ್ಜಿ ಎರಡು ಹೂವಿನ ಹಾರ ಹಿಡಿದು ನೀರಿಗಿಳಿದಿದ್ದಳು.

"ಏನೋ ತುವಾ, ಒಬ್ನೇ ಬಂದ್ಯಾ? ನಮ್ಮ ಹಾಡುಗಾರ ಎಲ್ಲೋ?"

ಆಸ್ಪತ್ರೆಯಲ್ಲಿ ಗಂಟಲು ಕೊಯ್ದರು, ದನಿ ಹೋಯಿತು ಎನ್ನಬೇಕಿತ್ತು. "ಹೋದ, ಅಜ್ಜಿ" ಎಂದುಬಿಟ್ಟೆ. ಮಾತು ಅಷ್ಟಕ್ಕೇ ನಿಂತಿತು. ಅವಳು ಮೊಣಕಾಲುದ್ದ ನೀರಿನಲ್ಲೇ ಕುಸಿದು ಕೂತಳು. ನಾನು ಬಾಯಿ ತೆರೆಯುವಷ್ಟರಲ್ಲಿ ದಡವೆಲ್ಲ ಅಳುತ್ತಿತ್ತು. ಆಮೇಲೆ ತಿದ್ದಲು ಬೇಕಾದಷ್ಟು ಸಮಯವಿತ್ತು. ತಿದ್ದಲಿಲ್ಲ.

ಆ ಸಂಜೆ ನಿನ್ನ ದೋಣಿಯ ಹಾಡನ್ನು ನಾನೇ ಹಾಡಿದೆ. ನನ್ನ ಒಡಕು ದನಿ ನಿನಗೆ ಗೊತ್ತು. ಆದರೂ ಒಂದು ಕೂಸೂ ಕೆಮ್ಮಲಿಲ್ಲ. ಮುದುಕರು ಸಾಲಾಗಿ ಬಂದು ನನ್ನ ಕೆನ್ನೆಗೆ ಕೆನ್ನೆ ಒತ್ತಿ ಅತ್ತರು.

ಮಾಂಗಾಯಾಕ್ಕೆ ಸುದ್ದಿ ನನಗಿಂತ ಮುಂಚೆ ಬಂದಿತ್ತು, ಯಾವುದೋ ಸರಕಿನ ಹಡಗಿನಲ್ಲಿ. ನಿನ್ನ ದೊಡ್ಡಪ್ಪನ ಮಗ ಮೆತುವಾ ಕೂದಲು ಕತ್ತರಿಸಿಕೊಂಡು ದಡದಲ್ಲಿ ನಿಂತಿದ್ದ. ಸಾವಿನ ಮನೆಗೆ ಕೊಡಲು ಚಾಪೆ ಸುತ್ತಿಟ್ಟಿದ್ದ, ಹಂದಿ ಕಟ್ಟಿದ್ದ; ತುಂಗಾನೆಗೆ ಸಮಾಧಾನ ಹೇಳಲು ನಮ್ಮ ಹಡಗಿನಲ್ಲೇ ಹೊರಟಿದ್ದ. ನನ್ನ ತೋಳು ಹಿಡಿದು ಕೇಳಿದ: "ಕೊನೇಲಿ ಏನಾದ್ರೂ ಹೇಳಿದ್ನಾ? ನನ್ನ ಹೆಸರು ಎತ್ತಿದ್ನಾ?"

ಅದಕ್ಕೆ ನನ್ನಲ್ಲಿ ಸುಳ್ಳಿರಲಿಲ್ಲ.

ನಿನ್ನೆ ಮಧ್ಯಾಹ್ನ ಎಲ್ಲರೂ ಹಾಡು ಕೇಳಲು ಸೇರಿದಾಗ ತಂತಿ ಬಿಗಿಯುತ್ತಿದ್ದ ಉಕುಲೇಲೆ ಕೆಳಗಿಟ್ಟು ಎದ್ದು ನಿಂತೆ. "ಪೊಕೊಯಿನಾ ಸತ್ತಿಲ್ಲ. ಅವನಿಗೆ ಹಾಡೋಕಾಗಲ್ಲ ಅಷ್ಟೆ. ಸುಳ್ಳು ಹೇಳ್ದೋನು ನಾನು."

ಮುಂದಿನ ಸಾಲಿನ ಹೆಂಗಸೊಬ್ಬಳು, "ಸತ್ತೋರನ್ನ ಎಬ್ಬಿಸೋದು ಏಸುಸ್ವಾಮಿ ಕೆಲ್ಸ ಅಂದ್ಕೊಂಡಿದ್ದೆ. ನೀನ್ಯಾವಾಗ ಶುರು ಮಾಡ್ದೆ?" ಎಂದಳು. ಜನ ಗೊಳ್ಳೆಂದು ನಕ್ಕರು. ಮೆತುವಾ ನಗಲಿಲ್ಲ.

"ನಾಕು ದಿನ ಅತ್ತಿದ್ದೀನಿ ಕಣೋ," ಎಂದ. "ಬಾಯ್ಮುಚ್ಕೊಂಡು ಬಾರಿಸು. ನೀನು ಹಾಡೋದು ಬೇಡ."

ಬಾರಿಸಿದೆ. ಹಾಡಿದ್ದು ಊರಿನವರು.

ಅತಿಯುವಿಗೂ ಕಾಗದ ಬರೆದು ಹಾಕಿದ್ದೇನೆ. ಅಜ್ಜಿ ಏನೆನ್ನುತ್ತಾಳೋ ಕಾಣೆ. ಈ ಪತ್ರ ನಾಡಿದ್ದಿನ ವಿಮಾನಕ್ಕೆ. ನಾವು ಮಂಗಳವಾರ ಹಡಗಿನಲ್ಲಿ ಬರುತ್ತೇವೆ. ಮೆತುವಾ ಹಂದಿಯನ್ನೂ ತರುತ್ತಿದ್ದಾನೆ. "ಸತ್ತಿದ್ದಕ್ಕೆ ಅಲ್ದಿದ್ರೆ ಬದುಕಿದ್ದಕ್ಕೆ ತಿನ್ನೋಣ" ಎಂದನಂತೆ, ನನಗಲ್ಲ, ಕ್ಯಾಪ್ಟನ್‌ಗೆ. ನನ್ನೊಡನೆ ಅವನಿಗೆ ಮಾತಿಲ್ಲ.

ದೇವರು ನಿಮ್ಮಿಬ್ಬರನ್ನೂ ತಣ್ಣಗೆ ಇಟ್ಟಿರಲಿ.

ನಿನ್ನ
ತುವಾಕನಾ

ತಾ.ಕ.: ಮಾತು ಅಷ್ಟಕ್ಕೇ ನಿಂತಿತು ಎಂದು ಮೇಲೆ ಬರೆದೆ. ಅದು ಪೂರ್ತಿ ನಿಜವಲ್ಲ. ಮೂವತ್ತೊಂದು ವರ್ಷ ನಿನ್ನ ಪಕ್ಕ ಕೂತು ಬಾರಿಸಿದೆ, ನನ್ನ ಕಡೆ ಕಣ್ಣೆತ್ತಿ ನೋಡಿದವರಿಲ್ಲ. ನಿನಗಿನ್ನು ದನಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನೀನು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಆಗ ನನ್ನೊಳಗೆ ಏನೋ ಹಗುರವಾಯಿತು, ಪೊಕೊ. ಒಂದೇ ಗಳಿಗೆ. ನನ್ನ ಮುಖದಲ್ಲಿ ಅದು ಕಾಣಿಸಿತೇ? ಅವತ್ತಿನಿಂದ ನನ್ನನ್ನು ನೋಡಿದಾಗಲೆಲ್ಲ ನಗುತ್ತೀಯಲ್ಲ, ಕಂಡು ನಗುತ್ತೀಯೋ ಕಾಣದೆ ನಗುತ್ತೀಯೋ ನನಗೆ ತಿಳಿಯುತ್ತಿಲ್ಲ. ಕಂಡಿದ್ದರೆ ಮಂಗಳವಾರ ದಕ್ಕೆಗೆ ಬರಬೇಡ. ಕಾಣದಿದ್ದರೆ, ಈಗ ತಿಳಿಯಿತಲ್ಲ. ಆದರೂ ಬಾ.