ಏಕವಚನದ ಅಮ್ಮ

ಭಾನುವಾರ, ಬೆಳಗಿನ ಕಾಫಿ ಆರುವ ಹೊತ್ತು

ನನ್ನ ಬಾಯಿಬಡುಕಿಗೆ,

ಇದನ್ನು ಚಿಕ್ಕಮ್ಮ ನಿನ್ನ ಕೈಗೆ ಕೊಡುವಾಗ ಅವನು ಮನೆಯಲ್ಲಿರುವುದಿಲ್ಲ. ಭಾನುವಾರ ಮಧ್ಯಾಹ್ನ ಗೆಳೆಯರ ಜೊತೆ ಆಟಕ್ಕೆ ಹೋಗುತ್ತಾನೆಂದು ಹಿಂದೆ ನೀನೇ ಹೇಳಿದ್ದೆ. ಅವಳ ಎದುರೇ ಓದಿ, ಅವಳ ಕೈಗೇ ವಾಪಸ್ ಕೊಡು. ಹರಿದು ಬುಟ್ಟಿಗೆ ಹಾಕಬೇಡ. ಚೂರುಗಳನ್ನು ಜೋಡಿಸಿ ಓದುವಷ್ಟು ಪುರುಸೊತ್ತು ಅವನಿಗಿದೆ.

ನೋಡಿದೆಯಾ, ಅಳಿಯನನ್ನು ಇಷ್ಟು ದಿನ 'ಅವರು' ಎನ್ನುತ್ತಿದ್ದವಳು ಇವತ್ತು ಪೆನ್ನು ಹಿಡಿದ ತಕ್ಷಣ 'ಅವನು' ಎಂದು ಬರೆದುಬಿಟ್ಟೆ. ಹೊಡೆದುಹಾಕಲು ಮನಸ್ಸಾಗಲಿಲ್ಲ, ಇರಲಿ ಬಿಡು.

ಮೊದಲು ಜಗಳ ಮುಗಿಸುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಯ ಫೋನಿನ ಮುಂದೆ ಕೂತು "ನೀವು ಯಾವ ವಾರ್ಡ್ ಕೇಳ್ತಿದ್ದೀರಿ, ನೀವು ಸ್ವಲ್ಪ ಲೈನಲ್ಲಿರಿ" ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಗಿದೆ. ಮನೆಗೆ ಬಂದು ನಿನ್ನ ಫೋನ್ ಎತ್ತಿದರೆ ಅಲ್ಲೂ 'ನೀವು'! "ಏ ಅಮ್ಮಾ, ಎಲ್ಲಿ ಹಾಳಾಗಿಹೋದೆ, ಟವೆಲ್ ಕೊಡೇ" ಎಂದು ಬಚ್ಚಲಿನಿಂದ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದವಳು ನೀನು. ಅಂಥವಳು ಮೆತ್ತಗೆ "ನೀವು ಹೇಗಿದ್ದೀರಿ ಅಮ್ಮ, ಊಟ ಮಾಡಿದ್ರಾ" ಎಂದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಬೇಸಿಗೆಯಲ್ಲಿ ನೀನು ಒಂದು ಬ್ಯಾಗ್ ಹಿಡಿದುಕೊಂಡು ಬಂದೆ. ಅವನು ನಮ್ಮ ಬಾಗಿಲಲ್ಲಿ ನಿಂತು ಗೋಳೋ ಎಂದು ಅತ್ತ. ಅದೇ ಬ್ಯಾಗ್ ಹಿಡಿದು ಅವನ ಹಿಂದೆಯೇ ಹೊರಟುಹೋದೆ. ಆಗ ಮೆಟ್ಟಿಲ ಮೇಲೆ ನಿಂತು ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದಿದ್ದೆನಲ್ಲ, ಆ ಮುನಿಸಿಗೇ ನೀನು ಹೀಗೆ ದೂರ ಮಾಡುತ್ತಿದ್ದೀಯ ಎಂದುಕೊಂಡೆ. ನಾನೇನು ಕಡಿಮೆಯೇ? "ಚೆನ್ನಾಗಿದ್ದೀನಿ, ನೀವು ಚೆನ್ನಾಗಿದ್ದೀರಾ" ಎಂದು ತಿರುಗಿಸಿ ಕೊಟ್ಟೆ. ಹೆತ್ತ ಮಗಳಿಗೆ ಬಹುವಚನ! ಪಕ್ಕದಲ್ಲಿದ್ದ ನಿಮ್ಮಪ್ಪ ಯಾರ ಫೋನು, ಬ್ಯಾಂಕಿನವರದಾ ಎಂದು ಕೇಳಿದರು.

ಮೊನ್ನೆ ನೀನು ಫೋನ್ ಮಾಡಿದಾಗಲೂ ನಾನು ಬಿಗಿದುಕೊಂಡೇ ಇದ್ದೆ. ಅಷ್ಟರಲ್ಲಿ ನಿಮ್ಮ ಮನೆಯ ಬೆಲ್ ಹೊಡೆಯಿತು. ಕುರ್ಚಿ ಸರಿಯಿತು, ಹೆಜ್ಜೆಗಳು ದೂರ ಹೋದವು. ತಕ್ಷಣ ನಿನ್ನ ದನಿಯೇ ಬೇರೆಯಾಯಿತು. "ಅಮ್ಮಾ, ನಿನ್ನ ಮಂಡಿನೋವು ಹೇಗಿದೆಯೇ" ಎಂದೆ. ನಾನು ಬಾಯಿ ತೆರೆಯುವ ಮೊದಲೇ ಹೆಜ್ಜೆಗಳು ವಾಪಸ್ ಬಂದವು, "ಸರಿ ಅಮ್ಮ, ನೀವು ರೆಸ್ಟ್ ತಗೊಳ್ಳಿ" ಎಂದು ಇಟ್ಟುಬಿಟ್ಟೆ.

ಆ ಒಂದು 'ನಿನ್ನ' ಕೇಳಿ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ ಕಣೇ. ನಿನ್ನ 'ನೀವು' ಮುನಿಸಲ್ಲ. ಅವನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಅದರ ಅರ್ಥ. ದಿನವಿಡೀ ಗುರುತಿಲ್ಲದವರ ದನಿ ಕೇಳಿಯೇ ಅವರ ಕಷ್ಟ ಹೇಳಬಲ್ಲೆ ಎಂದು ಕೊಚ್ಚಿಕೊಳ್ಳುವ ನನಗೆ ಇದು ತಿಳಿಯಲಿಲ್ಲ. ಮೊದಲ ಸಲ ನಮ್ಮಲ್ಲಿ ಊಟಕ್ಕೆ ಕೂತಾಗ, ತಾಯಿಗೆ ಏಕವಚನವಾ, ಇದೆಂಥ ಸಂಸ್ಕಾರ ಎಂದು ಅವನು ನಿನ್ನನ್ನು ನಯವಾಗಿ ತಿದ್ದಿದ್ದು ಆಮೇಲೆ ನೆನಪಾಯಿತು. ಆವತ್ತು ನಾನೇ ಹೌದೌದು ಎಂದು ನಕ್ಕಿದ್ದೆ. ಆಮೇಲೆ ನೀನು ಜೋರಾಗಿ ನಗುವುದನ್ನು ತಿದ್ದಿದ. ಆಮೇಲೆ ಕನ್ನಡಕದಂಗಡಿಯ ಕೆಲಸ ಬಿಡಿಸಿದ. ಗೆಳತಿಯರು ಒಬ್ಬೊಬ್ಬರೇ ಬರುವುದು ನಿಂತಿತು. ಪ್ರತಿ ಸಲವೂ ನಾವು ಬೈದದ್ದು ನಿನ್ನನ್ನೇ.

ನಿಮ್ಮಪ್ಪನ ವಿಷಯ ಕೇಳಬೇಡ. ಅವಳ ಸುದ್ದಿ ನನ್ನ ಮುಂದೆ ಎತ್ತಬೇಡ ಎಂದು ಬೇಸಿಗೆಯಲ್ಲಿ ಹೇಳಿದವರು ಇನ್ನೂ ಆ ಹಟ ಬಿಟ್ಟಿಲ್ಲ. ವರ್ಕ್‌ಶಾಪಿನಲ್ಲಿ ದಿನವೆಲ್ಲ ಮರ ಕೊಯ್ದು ಕೊಯ್ದು ಮನುಷ್ಯನೂ ಮರವೇ ಆಗಿಬಿಟ್ಟಿದ್ದಾನೆ. ಅವರನ್ನು ನನಗೆ ಬಿಡು, ನೋಡಿಕೊಳ್ಳುತ್ತೇನೆ.

ಅವನನ್ನು ಬಿಡು ಎಂದು ನಾನು ಹೇಳುವುದಿಲ್ಲ. ಹೇಳಿದಾಗಲೆಲ್ಲ ನೀನು ಅವನ ಪರ ವಾದ ಮಾಡಿದ್ದೀಯ, ವಾದ ಮಾಡುತ್ತಾ ಮಾಡುತ್ತಾ ಅದನ್ನೇ ನಂಬಿದ್ದೀಯ. ಅವನೊಳಗೆ ಒಳ್ಳೆಯವನೊಬ್ಬ ಇದ್ದಾನೆ ಎನ್ನುತ್ತೀಯ. ಇರಬಹುದು. ಆ ಒಳ್ಳೆಯವನು ಹೊರಗೆ ಬರಲಿ ಎಂದು ನನ್ನ ಮಗಳು ಒಳಗೆ ಕೂತು ಕಾಯಬೇಕೇ? ಅಷ್ಟೇ ನನ್ನ ಪ್ರಶ್ನೆ.

ಇನ್ನು ಮೇಲೆ ಫೋನಿನಲ್ಲಿ ನೀನು 'ನೀವು' ಎಂದರೆ ನಾನು ಹವೆ, ಮಂಡಿ, ತರಕಾರಿ ಅಂತ ಮಾತಾಡುತ್ತೇನೆ. ಹೌದು, ಇಲ್ಲ ಎಂದು ಮುಗಿಸಬಹುದಾದ್ದನ್ನೇ ಕೇಳುತ್ತೇನೆ. ನೀನು ಎಷ್ಟು ಸಲ ಬಂದರೂ, ಎಷ್ಟು ಸಲ ವಾಪಸ್ ಹೋದರೂ ಇದು ಎಷ್ಟನೆಯದು ಎಂದು ನಮ್ಮನೆಯಲ್ಲಿ ಯಾರೂ ಕೇಳುವುದಿಲ್ಲ. ಮೆಟ್ಟಿಲ ಮೇಲೆ ನಿಂತು ಕೂಗುವವಳೂ ಇರುವುದಿಲ್ಲ. ನನಗೆ ಭಯವಾಗುತ್ತಿದೆ ಮಗಳೇ, ಅದನ್ನು ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ. ನೀನು ಬೇಕು ನನಗೆ, ಜೋರು ಬಾಯಿ ಸಮೇತ.

ನಿನ್ನ,
ಏಕವಚನದ ಅಮ್ಮ

ಮತ್ತೆ: ಮೇಲಿನದ್ದು ಮನೆಯಲ್ಲಿ ಬರೆದದ್ದು. ಇದನ್ನು ನಿನ್ನ ಮನೆಯೆದುರಿನ ಬಸ್ ಸ್ಟಾಪಿನಲ್ಲಿ, ಚಿಕ್ಕಮ್ಮನ ಬೆನ್ನ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅವಳು ನಗುತ್ತಿದ್ದಾಳೆ ಎಂದು ತಿಳಿ. ನಿನ್ನ ಹತ್ತಿರ ಹೋಗಬೇಕು ಎಂದಾಗ ನಿಮ್ಮಪ್ಪ ವರ್ಕ್‌ಶಾಪಿನ ವ್ಯಾನ್ ತೆಗೆದರು. ನಾನು ದಾರಿ ಹೇಳಬೇಕಾಗಲಿಲ್ಲ. ಇಲ್ಲಿ ಇಳಿದರೆ ಪೇಪರ್ ಅಂಗಡಿಯವಳು ಅವರನ್ನು ನೋಡಿ, ಏನ್ ಯಜಮಾನ್ರೇ, ಈ ಭಾನುವಾರ ಒಬ್ಬರೇ ಬಂದಿಲ್ವಲ್ಲ ಎಂದಳು. ಓವರ್‌ಟೈಮ್ ಎಂದು ಹೇಳಿ ಮನೆಯಿಂದ ಹೊರಟು, ಬೇಸಿಗೆಯಿಂದ ಪ್ರತಿ ಭಾನುವಾರ ಈ ಬೆಂಚಿನ ಮೇಲೆ ಕೂತಿದ್ದಾರೆ, ಮಹಾರಾಯ. ಬರುವ ಮನಸ್ಸಿದ್ದರೆ ಚಿಕ್ಕಮ್ಮನ ಜೊತೆ ಹಾಗೇ ಇಳಿದು ಬಾ, ಏನೂ ತರಬೇಡ. ಇವತ್ತು ಆಗದಿದ್ದರೆ ಬೇಡ. ಆದರೆ ನಿನ್ನ ಕಿಟಕಿಯ ಪರದೆ ಒಂದು ಭಾನುವಾರವೂ ಸರಿಯಲಿಲ್ಲವಂತೆ. ಒಂದು ಸಲ ಸರಿಸಿ ನಿಲ್ಲೇ, ನಿಮ್ಮಪ್ಪ ನೋಡಲಿ.