ಮೂಡಲಗಿಯ ನಡುಗುವ ಕಿಡಕಿಗಳು

ಮಾನ್ಯ ಅಧ್ಯಕ್ಷರೇ, ಅಧ್ಯಕ್ಷರು ಬಾರದ ಕಾರಣ ಅವರ ಖಾಲಿ ಕುರ್ಚಿಯೇ, ಕರೆಂಟು ಹೋದರೂ ಎದ್ದುಹೋಗದ ಮಹಾಜನರೇ, ಹಾಗೂ ಇವರೆಲ್ಲರಿಗಿಂತ ಮೊದಲೇ ಸಭೆ ಬಿಟ್ಟು ಎದ್ದುಹೋದ ಗೆಳೆಯಾ ಬೀರಪ್ಪಾ,

ನಿನ್ನ ಕಂಪ್ಯೂಟರ್ ಪರದೆಯ ಕುಣಿತ ನಿಲ್ಲಿಸಿದ ವರದಿಯನ್ನು ಈ ಸಭೆಯ ಮುಂದಿಡುತ್ತಿದ್ದೇನೆ. ನಿನ್ನೆ ಮೂಡಲಗಿಗೆ ಹೋಗಿದ್ದೆ. ನಿನ್ನ ಟೈಪಿಂಗ್ ಅಂಗಡಿಯನ್ನು ಈಗ ನಿನ್ನ ಹೆಂಡತಿ, ನಮ್ಮ ವೈನಿಯೇ ನಡೆಸುತ್ತಾರೆ. ಅರ್ಜಿ, ಲಗ್ನಪತ್ರಿಕೆ ಎಲ್ಲ ಅವರೇ ಟೈಪ್ ಮಾಡುತ್ತಾರೆ, ನಿನ್ನ ಹಾಗೆ ಎರಡು ಬೆರಳಲ್ಲಿ ಅಲ್ಲ, ಹತ್ತರಲ್ಲಿ. ಆದರೆ ನಿನ್ನ ಹಳೇ ಪೆಟ್ಟಿಗೆಗೆ ಕುಣಿತ, ಕೆಲಸ ಎರಡೂ ಈಗ ಒಟ್ಟಿಗೆ ಆಗುತ್ತಿಲ್ಲ. ಗಿರಾಕಿಗಳು ಕಾದು ಬೇಸತ್ತು ಬಾಜೂ ಅಂಗಡಿಗೆ ಹೋಗುತ್ತಿದ್ದಾರೆ. ‘ಆ ಥಕಥೈ ಎಲ್ಲಾ ತಗದು ಕೊಡ್ರಿ ಅಣ್ಣಾರ’ ಎಂದು ಫೋನ್ ಮಾಡಿದ್ದರು.

ನೀನು ಅದನ್ನು ಕೂಡಿಸಿದ ದಿನ ನೆನಪಿದೆಯಾ? ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಸೆಟ್ಟಿಂಗಿನಲ್ಲಿ ಕಂಡ ಕಂಡ ಕುಣಿತದ ಚೌಕಕ್ಕೆಲ್ಲ ಟಿಕ್ ಹೊಡೆದಿದ್ದಿ. ಮೌಸಿನಿಂದ ಎಳೆದರೆ ಪರದೆಯ ಮೇಲಿನ ವಿಂಡೋ, ನಮ್ಮ ಬಾಯಲ್ಲಿ ಕಿಡಕಿ, ಕೊಡವಿದ ಕಂಬಳಿಯಂತೆ ತುಯ್ದಾಡುತ್ತಿತ್ತು. ಮೇಲವಂಕಿಯಿಂದ ಪಿಂಚಣಿ ಅರ್ಜಿಗೆ ಬಂದಿದ್ದ ಆಯಿ ಕೈ ಚಾಚಿ, ‘ತಮ್ಮಾ ಹಿಡಿಯೋ, ನನ್ನ ಕಾಗದ ಬೀಳಾಕತ್ತೈತಿ’ ಅಂದಳು. ನೀನು ನಕ್ಕು ನಕ್ಕು ಕುರ್ಚಿಯಿಂದ ಜಾರಿದಿ. ನಾನು ಕನ್ನಡ ಬಿ.ಎ. ಮುಗಿಸಿದವನ ಠೇಂಕಾರದಲ್ಲಿ ಪ್ರಾಸ ಹೊಸೆದೆ: ‘ಕಿಡಕಿಗೆ ನಡುಕ, ಕೆಲಸಕ್ಕ ತೊಡಕ.’ ನೀನು ಅಂದಿ, ‘ಕಾಯೂ ಮಂದಿ ನಗಬೇಕಲೇ. ನಿನ್ನ ಪ್ರಾಸಕ್ಕ ಯಾರೂ ನಗಂಗಿಲ್ಲ.’

ಆಮೇಲೆ ಆ ತಿರುಗುವ ಡಬ್ಬಿ. ಗುಂಡಿ ಒತ್ತಿದರೆ ಇಡೀ ಪರದೆಯೇ ಡಬ್ಬಿಯಂತೆ ಹೊರಳಿ ಇನ್ನೊಂದು ಮುಖ ತೋರಿಸುತ್ತಿತ್ತು. ಒಂದು ಮುಖಕ್ಕೆ ಗೋಕಾಕದ ಫಾಲ್ಸ್, ಒಂದಕ್ಕೆ ಮೂಡಲಗಿ ಬಸ್‌ಸ್ಟ್ಯಾಂಡ್, ಒಂದಕ್ಕೆ ಕಲ್ಲೋಳಿಯಲ್ಲಿ ಮೇಯುವ ನಿಮ್ಮಪ್ಪನ ಕುರಿಗಳು. ನಾಲ್ಕನೆಯದಕ್ಕೆ ಹುಕ್ಕೇರಿಯ ಫೋಟೊ ಕಳಿಸು, ಕೂತಲ್ಲಿಂದಲೇ ನಿನ್ನೂರಿಗೆ ಬರುತ್ತೇನೆ ಅಂದಿದ್ದಿ. ದಿನಾ ಹುಕ್ಕೇರಿಯ ಸಂತೆ ಬೀದಿ ದಾಟಿ ಆಫೀಸಿಗೆ ಹೋಗುವವನು ನಾನು, ಫೋನು ಕಿಸೆಯಲ್ಲೇ ಇರುತ್ತದೆ. ಕಳಿಸಿದರಾಯಿತು, ಕಳಿಸಿದರಾಯಿತು ಅನ್ನುವುದರೊಳಗೆ ನೀನು ಎದೆ ಹಿಡಿದುಕೊಂಡು... ನಿನ್ನೆ ತಿರುಗಿಸಿ ನೋಡಿದೆ. ನಾಲ್ಕನೇ ಮುಖ ಕಪ್ಪಗೇ ಇದೆ. ಒಂದು ಫೋಟೊ ತೆಗೆಯಲು ಎಷ್ಟು ಹೊತ್ತು ಬೇಕಿತ್ತು ಬೀರ್ಯಾ?

ಇರಲಿ. ಸಭೆಗೆ ವರದಿ ಇಷ್ಟೇ: ಮನಸ್ಸು ಕಲ್ಲು ಮಾಡಿಕೊಂಡು ಒಂದೊಂದೇ ಟಿಕ್ ತೆಗೆದೆ. ಕಿಡಕಿಗಳು ಈಗ ಸಾಲಿ ಹುಡುಗರಂತೆ ಶಿಸ್ತಾಗಿ ನಿಲ್ಲುತ್ತವೆ. ಪೆಟ್ಟಿಗೆ ಚುರುಕಾಗಿದೆ. ಬಿಟ್ಟುಹೋದ ಗಿರಾಕಿಗಳು...

ಇಲ್ಲಲೇ. ಸುಳ್ಳು. ನಾ ತೆಗೀಲಿಲ್ಲ. ಮೌಸ್ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಹಿಂದೆ ನಿಂತಿದ್ದ ವೈನಿ ಸ್ವಲ್ಪ ಹೊತ್ತು ನೋಡಿ, ‘ಆ ಕಡೆ ಸರೀರಿ ಅಣ್ಣಾರ, ಮಂದಿ ನಿಂತಾರ’ ಅಂದರು. ಅವರೇ ಕೂತು ಎಲ್ಲಾ ತೆಗೆದರು. ಯಾವ ಟಿಕ್ ಎಲ್ಲಿದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ನೀನು ಹೊಡೆದ ಟಿಕ್ ತೆಗೆಯಲು ತಮಗೆ ಕೈ ಏಳದೆ ನನ್ನನ್ನು ಕರೆಸಿದ್ದರು.